ಸಾಕಿದ ಆಮೆಗೆ ಹುಷಾರಿಲ್ಲದಾಗ: ಕಲಬುರಗಿ, ಬೀದರ್, ಯಾದಗಿರಿ ಮನೆಗಳಿಗೆ ಒಂದು ಮಾರ್ಗದರ್ಶಿ

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಹಸಿರು ಆಮೆಮರಿಯನ್ನು ನೀವು ನೋಡಿರುತ್ತೀರಿ. ಕಣ್ಣಿನ ಹಿಂದೆ ಎರಡೂ ಕಡೆ ಕೆಂಪು ಪಟ್ಟಿ ಇರುತ್ತದೆ. ಅದರ ಹೆಸರು ರೆಡ್ ಇಯರ್ಡ್ ಸ್ಲೈಡರ್. ಅದರ ಮೂಲ ಅಮೆರಿಕದ ಮಿಸಿಸಿಪ್ಪಿ ನದಿಯ ಸುತ್ತಮುತ್ತ. ತರುವಾಗ ಅಂಗೈಯಲ್ಲಿ ಕೂರುತ್ತದೆ, ಮಕ್ಕಳು ಹಟ ಹಿಡಿಯುತ್ತಾರೆ, ಒಂದು ಪ್ಲಾಸ್ಟಿಕ್ ಡಬ್ಬಿ ಮತ್ತು ಒಂದು ಡಬ್ಬಿ ಒಣ ಸೀಗಡಿ ಜತೆ ಮನೆಗೆ ಬರುತ್ತದೆ. ಚೆನ್ನಾಗಿ ನೋಡಿಕೊಂಡರೆ ಇದು 20-30 ವರ್ಷ ಬದುಕುವ ಪ್ರಾಣಿ. ಹೆಣ್ಣಿನ ಚಿಪ್ಪು 25 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ. ಆದರೆ ಬಹಳ ಮನೆಗಳಲ್ಲಿ ಅದು ಅಷ್ಟು ದೂರ ಬರುವುದೇ ಇಲ್ಲ. "ನಿನ್ನೆವರೆಗೂ ಚೆನ್ನಾಗೇ ಇತ್ತು, ಇವತ್ತು ಸತ್ತೋಯ್ತು" ಅನ್ನುತ್ತಾರೆ.

ನಿನ್ನೆವರೆಗೂ ಚೆನ್ನಾಗಿರಲಿಲ್ಲ. ಆಮೆಯ ಕಾಯಿಲೆ ನಿಧಾನಕ್ಕೆ ಬರುತ್ತದೆ, ತಡವಾಗಿ ಕಾಣುತ್ತದೆ. ನಾಯಿ ಕುಂಯ್ ಅನ್ನುತ್ತದೆ, ಬೆಕ್ಕು ಮೂಲೆ ಸೇರುತ್ತದೆ. ಆಮೆ ಸುಮ್ನೆ ಇರುತ್ತದೆ, ಅದು ಯಾವಾಗಲೂ ಸುಮ್ನೆ ಇರುವ ಪ್ರಾಣಿಯೇ ಅಲ್ವಾ? ಅದಕ್ಕೇ ನಾವು ನೋಡುವ ಕಣ್ಣು ಬೇರೆ ಇರಬೇಕು. ಇನ್ನೊಂದು ಮಾತು. ಸಾಕಿದ ಆಮೆಗೆ ಬರುವ ಬಹುತೇಕ ಕಾಯಿಲೆಗಳ ಬೇರು ನಾಲ್ಕೇ ಜಾಗದಲ್ಲಿ ಇರುತ್ತದೆ: ನೀರು, ಬೆಚ್ಚಗಿನ ಜಾಗ, ಬಿಸಿಲು, ಊಟ. ಇವನ್ನು ಅದೇ ದಿನ ಸರಿಮಾಡಬೇಕು. ಔಷಧವನ್ನು ಮಾತ್ರ ಡಾಕ್ಟರ್‌ಗೆ ಬಿಡಬೇಕು. ಈ ಲೇಖನ ಇದರ ಸುತ್ತಲೇ ಇದೆ.

ಮೊದಲು: ನಿಮ್ಮದು ಯಾವ ಆಮೆ?

ಇಲ್ಲಿ ಬರೆದಿರುವುದೆಲ್ಲ ಸ್ಲೈಡರ್ ಬಗ್ಗೆ. ಚಿಪ್ಪಿನ ಮೇಲೆ ಹಳದಿ ನಕ್ಷತ್ರದ ಗೆರೆ ಇರುವ ನಕ್ಷತ್ರ ಆಮೆ, ಬಾವಿ-ಕೆರೆಯಲ್ಲಿ ಸಿಗುವ ಮೆತ್ತನೆ ಚಿಪ್ಪಿನ ಆಮೆ ನಿಮ್ಮ ಮನೆಯಲ್ಲಿದ್ದರೆ ವಿಷಯ ಬೇರೆ. ಅವು ನಮ್ಮ ನೆಲದ ಆಮೆಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಆಮೆ ಇದ್ದರೆ ಮನೆಗೆ ದುಡ್ಡು ಬರುತ್ತದೆ ಅಂತ ಯಾರೋ ಹೇಳಿ ಕೊಟ್ಟಿರುತ್ತಾರೆ. ಹೊಲದಲ್ಲೋ ರಸ್ತೆಯಲ್ಲೋ ಗಾಯವಾದ ಆಮೆ ಸಿಕ್ಕರೂ ಅಷ್ಟೇ, ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ ಒಪ್ಪಿಸಿ. ನೀವೇ ಒಯ್ದು ಎಲ್ಲೋ ಬಿಡಬೇಡಿ.

ಹೆಜ್ಜೆ 1: ಚೆನ್ನಾಗಿರುವಾಗಲೇ ನೋಡಿಟ್ಟುಕೊಳ್ಳಿ

ವಾರಕ್ಕೊಂದು ದಿನ ಇಟ್ಟುಕೊಳ್ಳಿ. ನೀರು ಬದಲಿಸುವ ದಿನವೇ ಆದರೆ ಸುಲಭ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಒಂದು ಡಬ್ಬಿ ಇಟ್ಟು, ಅದರಲ್ಲಿ ಆಮೆ ಕೂರಿಸಿ ತೂಕ ಬರೆದಿಡಿ. (ಡಬ್ಬಿ ಆಮೆಗೇ ಮೀಸಲಿರಲಿ. ಕಾರಣ ಮುಂದೆ ಹೇಳುತ್ತೇನೆ.) ಮರಿಯ ತೂಕ ನಿಧಾನಕ್ಕೆ ಏರುತ್ತಿರಬೇಕು. ದೊಡ್ಡದರ ತೂಕ ಹೆಚ್ಚುಕಮ್ಮಿ ಒಂದೇ ಇರಬೇಕು. ಎರಡು-ಮೂರು ವಾರ ಸತತ ಇಳಿದರೆ, ಬೇರೇನೂ ಕಾಣದಿದ್ದರೂ ಒಳಗೆ ಏನೋ ನಡೀತಿದೆ ಅಂತಲೇ ತಿಳಿಯಿರಿ.

ಆಮೇಲೆ ಕೈಗೆತ್ತಿಕೊಂಡು ನೋಡಿ. ಹಿಡಿಯುವುದು ಚಿಪ್ಪಿನ ಹಿಂಭಾಗದಲ್ಲಿ, ಎರಡೂ ಪಕ್ಕದಿಂದ. ಆರೋಗ್ಯವಾಗಿರುವ ಆಮೆ ಸುಮ್ಮನೆ ಹಿಡಿಸಿಕೊಳ್ಳುವುದಿಲ್ಲ. ನಾಲ್ಕೂ ಕಾಲು ಬಡಿಯುತ್ತದೆ, ಉಗುರಿನಿಂದ ನಿಮ್ಮ ಬೆರಳು ತಳ್ಳುತ್ತದೆ. ಕಾಲನ್ನು ಮೆಲ್ಲಗೆ ಎಳೆದರೆ ಜೋರಾಗಿ ಒಳಗೆಳೆದುಕೊಳ್ಳುತ್ತದೆ. ಕಣ್ಣು ಪೂರ್ತಿ ತೆರೆದು ಹೊಳೆಯುತ್ತಿರುತ್ತದೆ. ಮೂಗಿನ ತೂತು ಎರಡೂ ಒಣಗಿ, ಸ್ವಚ್ಛವಾಗಿರುತ್ತವೆ. ಇದೇ ಆಮೆ ಒಂದು ದಿನ ಕೈಯಲ್ಲಿ ಕಾಲು ಇಳಿಬಿಟ್ಟು ಕೂತರೆ "ಪಳಗಿತು" ಅಂತ ಸಂತೋಷ ಪಡಬೇಡಿ. ಅದು ಸುಸ್ತಾದ ಗುರುತು.

ಚಿಪ್ಪಿನ ಬಗ್ಗೆ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಭಾಗದಲ್ಲಿ ಇದರಿಂದ ಜಾಸ್ತಿ ಗಾಬರಿ. ನಮ್ಮದು ಗಡಸು ಬೋರ್ ನೀರು. ಬಕೆಟ್ ಮೇಲೆ, ನಳದ ಮೇಲೆ ಬಿಳಿ ಪದರ ಕಟ್ಟುವುದನ್ನು ದಿನಾ ನೋಡುತ್ತೇವೆ. ಅದೇ ಬಿಳಿ ಆಮೆಯ ಚಿಪ್ಪಿನ ಮೇಲೂ ಕೂರುತ್ತದೆ. ಕಾಯಿಲೆಯೋ ಬರೀ ನೀರಿನ ಕಲೆಯೋ ಅಂತ ತಿಳಿಯಲು ಚಿಪ್ಪನ್ನು ಒದ್ದೆ ಮಾಡಿ. ನೀರಿನ ಕಲೆಯಾದರೆ ಒದ್ದೆಯಾದಾಗ ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಾಣುತ್ತದೆ. ಮುಟ್ಟಿದರೆ ಗಟ್ಟಿ, ವಾಸನೆ ಇರುವುದಿಲ್ಲ. ಹಳೇ ಪದರ ಬಿಡುತ್ತಿದ್ದರೆ ತೆಳು ಗಾಜಿನ ಕಾಗದದಂಥ ಚೂರು ಅಂಚಿನಿಂದ ಏಳುತ್ತದೆ, ಕೆಳಗೆ ಹೊಸ ಚಿಪ್ಪು ಫಳಫಳ ಅನ್ನುತ್ತದೆ. ಇದು ಸಹಜ, ಕಿತ್ತು ತೆಗೆಯಬೇಡಿ. ಬೂಷ್ಟು ಆಗಿದ್ದರೆ ನೀರಿನೊಳಗೆ ನೋಡಿದಾಗ ಬಿಳಿ ಎಳೆಗಳು ಅಲ್ಲಾಡುತ್ತವೆ. ಚಿಪ್ಪು ಕೊಳೆಯುತ್ತಿದ್ದರೆ ಆ ಜಾಗ ಮೆತ್ತಗಾಗಿ, ಗುಳಿ ಬಿದ್ದು, ಮೂಗಿನ ಹತ್ತಿರ ಹಿಡಿದರೆ ನಾರುತ್ತದೆ. ಕೊನೆಯ ಎರಡಕ್ಕೆ ಮಾತ್ರ ಚಿಂತೆ ಮಾಡಿ.

ಹೆಜ್ಜೆ 2: ಏನೋ ಸರಿಯಿಲ್ಲ ಅನ್ನಿಸಿದ ದಿನವೇ ಮಾಡಬೇಕಾದ್ದು

ಊಟ ಬಿಟ್ಟಿದೆ, ಮಂಕಾಗಿದೆ, ನೀರಿಗೇ ಇಳಿಯುತ್ತಿಲ್ಲ. ಯಾವ ಕಾಯಿಲೆ ಅಂತ ಆಮೇಲೆ ನೋಡೋಣ. ಮೊದಲು ಥರ್ಮಾಮೀಟರ್ ತಗೊಳ್ಳಿ.

ಆಮೆ ತಣ್ಣನೆ ರಕ್ತದ ಪ್ರಾಣಿ. ಸುತ್ತಲಿನ ಬಿಸಿಯೇ ಅದರ ಮೈಯ ಬಿಸಿ. ನೀರು 24ರಿಂದ 28 ಡಿಗ್ರಿ ಇರಬೇಕು. ಮೈ ಕಾಯಿಸಿಕೊಳ್ಳುವ ಒಣ ಜಾಗ 30-33 ಡಿಗ್ರಿ ಇರಬೇಕು. ನೀರು 20ರ ಕೆಳಗೆ ಇಳಿದರೆ ತಿಂದದ್ದು ಸರಿಯಾಗಿ ಅರಗುವುದಿಲ್ಲ, ಹಾಗಾಗಿ ಅದು ತಿನ್ನುವುದು ಕಮ್ಮಿಯಾಗುತ್ತದೆ. ರೋಗದ ವಿರುದ್ಧ ಹೋರಾಡುವ ಶಕ್ತಿಯೂ ಆಗ ಕುಗ್ಗುತ್ತದೆ. ಹುಷಾರಿಲ್ಲದ ಆಮೆಗೆ ನೀರು 28-30 ಡಿಗ್ರಿ ಇರುವಂತೆ ನೋಡಿಕೊಳ್ಳಿ. ಅಕ್ವೇರಿಯಂ ಹೀಟರ್ ಇದಕ್ಕೆ ಸಾಕು. ಆದರೆ ಅದಕ್ಕೆ ಜಾಲರಿ ಕವಚ ಇರಲಿ, ಇಲ್ಲದಿದ್ದರೆ ಆಮೆ ಅದಕ್ಕೆ ಒರಗಿ ಸುಟ್ಟುಕೊಳ್ಳುತ್ತದೆ. ಒಣ ಜಾಗದ ಮೇಲೆ ಒಂದು ಹಳೇ ಬುರುಡೆ ಬಲ್ಬ್ ಹಾಕಿ. ಎಲ್‌ಇಡಿ ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ.

ನೀರು ಬದಲಿಸಿ. ಆಮೆ ತಿನ್ನುವುದು, ಹೇಲುವುದು, ಕುಡಿಯುವುದು ಎಲ್ಲ ಅದೇ ನೀರಿನಲ್ಲಿ. ಕಣ್ಣಿನ ಸೋಂಕು, ಚಿಪ್ಪಿನ ಕೊಳೆ ಬಹುಪಾಲು ಗಲೀಜು ನೀರಿನಿಂದಲೇ ಶುರುವಾಗುತ್ತವೆ. ನಳಕ್ಕೆ ದಿನಾ ನೀರು ಬರದ ಊರಲ್ಲಿ ಇದು ಕಷ್ಟ ಅಂತ ಗೊತ್ತು. ಒಂದು ದಾರಿ ಇದೆ. ಊಟವನ್ನು ಬೇರೆ ಸಣ್ಣ ಟಬ್‌ನಲ್ಲಿ ಹಾಕಿ, ಅರ್ಧ ಗಂಟೆ ಬಿಟ್ಟು ವಾಪಸ್ ತನ್ನಿ. ಹೇಲುವುದೂ ಹೆಚ್ಚಾಗಿ ಅಲ್ಲೇ ಆಗುತ್ತದೆ. ದೊಡ್ಡ ಟಬ್ ನೀರು ಜಾಸ್ತಿ ದಿನ ಚೆನ್ನಾಗಿರುತ್ತದೆ. ನಗರದ ಕ್ಲೋರಿನ್ ನೀರಾದರೆ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಹಾಕಿ. ಆಮೆಯ ಹೊಲಸು ನೀರನ್ನು ಹೂವಿನ ಗಿಡಕ್ಕೆ ಹಾಕಬಹುದು, ತಿನ್ನುವ ಸೊಪ್ಪಿಗೆ ಬೇಡ.

ತುಂಬಾ ನಿತ್ರಾಣವಾಗಿದ್ದರೆ ನೀರು ಕಮ್ಮಿ ಮಾಡಿ, ಚಿಪ್ಪಿನ ಅರ್ಧದವರೆಗೆ ಸಾಕು. ನೀರಾಮೆ ಮುಳುಗಿ ಸಾಯುವುದಿಲ್ಲ ಅಂತ ಅಂದುಕೊಳ್ಳುತ್ತೇವೆ. ಅದು ಉಸಿರಾಡುವುದು ಪುಪ್ಪುಸದಿಂದಲೇ. ತಲೆ ಎತ್ತಲು ಆಗದಿದ್ದರೆ ಮುಳುಗಿಯೇ ಸಾಯುತ್ತದೆ.

ಮೈ ಒಣಗಿಸಿಕೊಳ್ಳಲು ಜಾಗ ಇದೆಯಾ ನೋಡಿ. ಅಂಗಡಿಯವರು ಕೊಡುವ ಡಬ್ಬಿಯಲ್ಲಿ ಎಷ್ಟೋ ಸಲ ಅದು ಇರುವುದೇ ಇಲ್ಲ. ನಮ್ಮಲ್ಲಿ ಇದಕ್ಕೆ ದುಡ್ಡು ಹಾಕುವುದೇ ಬೇಡ. ಶಹಾಬಾದ್ ಪರಸಿ ಕಲ್ಲಿನ ತುಂಡು ಎಲ್ಲಾ ಓಣಿಯಲ್ಲೂ ಬಿದ್ದಿರುತ್ತದೆ. ಎರಡು ಇಟ್ಟಿಗೆ ಮೇಲೆ ಅದನ್ನು ಗಟ್ಟಿಯಾಗಿ ಕೂರಿಸಿ, ಇನ್ನೊಂದು ತುಂಡನ್ನು ಇಳಿಜಾರಾಗಿ ನೀರಿಗೆ ಒರಗಿಸಿ. ನುಣ್ಣಗೆ ಪಾಲಿಶ್ ಮಾಡಿದ್ದು ಬೇಡ, ಒರಟು ಮೈ ಮೇಲೇ ಬರುವಂತೆ ಇಡಿ, ಹತ್ತಲು ಹಿಡಿತ ಸಿಗುತ್ತದೆ. ಅಂಚು ಚೂಪಾಗಿದ್ದರೆ ಉಜ್ಜಿ ಮೊಂಡು ಮಾಡಿ.

ಬಿಸಿಲು ಬೇಕು, ಅದೂ ನೇರ ಬಿಸಿಲು. ಬಿಸಿಲಿನಲ್ಲಿರುವ ಯುವಿಬಿ ಕಿರಣ ಮೈಗೆ ಬಿದ್ದಾಗ ಆಮೆಯ ಮೈಯಲ್ಲಿ ಡಿ3 ವಿಟಮಿನ್ ತಯಾರಾಗುತ್ತದೆ. ಅದಿಲ್ಲದೆ ಎಷ್ಟು ಕ್ಯಾಲ್ಸಿಯಂ ತಿಂದರೂ ಹೊಟ್ಟೆಯಿಂದ ಎಲುಬಿಗೆ ಹೋಗುವುದಿಲ್ಲ. ಕಿಟಕಿಯ ಗಾಜು ಈ ಕಿರಣವನ್ನು ಬಹುಪಾಲು ತಡೆದುಬಿಡುತ್ತದೆ. ಹಾಗಾಗಿ ಗಾಜಿನ ತೊಟ್ಟಿಯನ್ನು ಕಿಟಕಿ ಹತ್ತಿರ ಇಟ್ಟರೆ ಬಿಸಿ ಮಾತ್ರ ಸಿಗುತ್ತದೆ, ಅಷ್ಟೇ. ಬೇಸಿಗೆಯಲ್ಲಿ ಬೆಳಗ್ಗೆ ಎಂಟರ ಸುಮಾರಿಗೆ, ಚಳಿಗಾಲದಲ್ಲಿ ಒಂಬತ್ತು-ಹತ್ತರ ಹೊತ್ತಿಗೆ ಅರ್ಧ ಗಂಟೆ ಹೊರಗೆ ಇಡಿ. ಟಬ್‌ನ ಅರ್ಧ ಭಾಗಕ್ಕೆ ನೆರಳು ಕಡ್ಡಾಯ. ಮೇಲೆ ಜಾಲರಿ ಹಾಕಿ, ಬೆಕ್ಕು, ಕಾಗೆ, ಹದ್ದು ಎಲ್ಲಕ್ಕೂ ಆಮೆಮರಿ ಬೇಕು. ಒಬ್ಬರು ಪಕ್ಕದಲ್ಲೇ ಕೂತಿರಲಿ.

ಹೆಜ್ಜೆ 3: ಗುರುತು ನೋಡಿ ಕಾಯಿಲೆ ತಿಳಿಯುವುದು

ಕಣ್ಣು ಊದಿದೆ, ತೆರೆಯುತ್ತಿಲ್ಲ. ನನ್ನ ಹತ್ತಿರ ಕೇಳಿಕೊಂಡು ಬರುವವರಲ್ಲಿ ಜಾಸ್ತಿ ಜನ ಹೇಳುವುದು ಇದನ್ನೇ. ನಮ್ಮ ಓಣಿಯ ಒಬ್ಬ ತಾಯಿ ಮಗನ ಜತೆ ಆಮೆ ತಂದಿದ್ದರು. "ಅಕ್ಕಾರ, ಏನೂ ಉಣವಲ್ದು ನೋಡ್ರಿ. ನಿದ್ದಿ ಮಾಡ್ತದ ಅಂತ ತಿಳ್ಕೊಂಡಿದ್ವಿ." ಎರಡೂ ರೆಪ್ಪೆ ಉಬ್ಬಿ ಅಂಟಿಕೊಂಡಿದ್ದವು. ಆಹಾರ ಹತ್ತಿರ ಹಿಡಿದರೆ ವಾಸನೆಗೆ ತಲೆ ತಿರುಗಿಸುತ್ತಿತ್ತು, ಬಾಯಿ ಹಾಕುವುದು ಮಾತ್ರ ಬೇರೆ ಕಡೆ. ಹಸಿವಿತ್ತು, ಕಾಣುತ್ತಿರಲಿಲ್ಲ. ತಂದ ದಿನದಿಂದ ಅದಕ್ಕೆ ಹಾಕಿದ್ದು ಒಣ ಸೀಗಡಿ ಮಾತ್ರ.

ಒಣ ಸೀಗಡಿಯಲ್ಲಿ ಎ ವಿಟಮಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಈ ವಿಟಮಿನ್ ಕಮ್ಮಿಯಾದರೆ ಕಣ್ಣು, ಮೂಗು, ಶ್ವಾಸನಾಳದ ಒಳಪದರ ದಪ್ಪಗಾಗಿ ಕೆಡುತ್ತದೆ. ಮೊದಲು ಕಾಣುವುದು ಕಣ್ಣಿನಲ್ಲಿ. ಕಿವಿಯ ಜಾಗದಲ್ಲಿ, ಅಂದರೆ ಕೆಂಪು ಪಟ್ಟಿಯ ಹತ್ತಿರ, ಗಂಟು ಎದ್ದರೂ ಇದೇ ಕೊರತೆ ಹಿಂದೆ ಇರಬಹುದು. ಅದು ಕೀವು, ಅದನ್ನು ಡಾಕ್ಟರ್ ಕೊಯ್ದು ತೆಗೆಯಬೇಕಾಗುತ್ತದೆ.

ನೀವು ಮಾಡಬೇಕಾದ್ದು: ಶುದ್ಧ, ಬೆಚ್ಚಗಿನ ನೀರು. ಒಂದು ಲೋಟ ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ, ಹತ್ತಿಯಿಂದ ರೆಪ್ಪೆ ಮೇಲೆ ಮೆಲ್ಲಗೆ ಒರೆಸಿ. ಬಲವಂತದಿಂದ ತೆರೆಯಬೇಡಿ. ಡಾಕ್ಟರ್‌ಗೆ ತೋರಿಸಿ. ಎ ವಿಟಮಿನ್ ಹನಿ ಅಥವಾ ಇಂಜೆಕ್ಷನ್ ನೀವೇ ಕೊಡಬೇಡಿ, ಹೆಚ್ಚಾದರೆ ಚರ್ಮ ಸುಲಿದು ಹೋಗುತ್ತದೆ. ಮನೆಯಲ್ಲಿ ಯಾರಿಗೋ ಬರೆದುಕೊಟ್ಟ ಕಣ್ಣಿನ ಹನಿ ಹಾಕುವುದೂ ಬೇಡ, ಅದರಲ್ಲಿ ಸ್ಟೆರಾಯ್ಡ್ ಇರಬಹುದು.

ನೀರಿನಲ್ಲಿ ಓರೆಯಾಗಿ ತೇಲುತ್ತಿದೆ. ಒಂದು ಪಕ್ಕ ಮೇಲೆ, ಒಂದು ಪಕ್ಕ ಕೆಳಗೆ. ಮುಳುಗಲು ಹೋದರೂ ಮೇಲೆ ಬರುತ್ತದೆ. ಮೂಗಿನಿಂದ ಗುಳ್ಳೆ, ಬಾಯಿ ತೆರೆದು ಕುತ್ತಿಗೆ ಚಾಚಿ ಉಸಿರಾಟ, ಒಮ್ಮೊಮ್ಮೆ ಕೀಚ್ ಅನ್ನುವ ಸದ್ದು. ಇದು ಪುಪ್ಪುಸದ ಸೋಂಕು, ನ್ಯುಮೋನಿಯಾ. ಸೋಂಕಾದ ಪುಪ್ಪುಸ ಭಾರವಾಗುವುದರಿಂದ ಆ ಪಕ್ಕ ಕೆಳಗೆ ವಾಲುತ್ತದೆ. ಹೊಟ್ಟೆಯಲ್ಲಿ ಗ್ಯಾಸ್ ತುಂಬಿದರೂ ಹೀಗೆ ತೇಲಬಹುದು, ಆದರೆ ಅದನ್ನು ಎಕ್ಸ್‌ರೇ ನೋಡಿ ಡಾಕ್ಟರ್ ಹೇಳಲಿ. ಇದಕ್ಕೆ ಕಾಯಬೇಡಿ. ಅದೇ ದಿನ, ತಪ್ಪಿದರೆ ಮರುದಿನ ಹೊರಡಿ. ಅಲ್ಲಿವರೆಗೆ ಬೆಚ್ಚಗೆ, ಕಮ್ಮಿ ನೀರಿನಲ್ಲಿ ಇಡಿ. ಬಾಯಿಗೆ ಏನೂ ಹಾಕಬೇಡಿ.

ಚಿಪ್ಪು ಮೆತ್ತಗಿದೆ. ಒಂದೆರಡು ತಿಂಗಳ ಮರಿಯ ಚಿಪ್ಪು ಸ್ವಲ್ಪ ಬಳುಕುವುದು ಸಹಜ. ವರ್ಷ ತುಂಬಿದ ಮೇಲೂ ಒತ್ತಿದರೆ ತಗ್ಗುತ್ತದೆ, ಅಂಚು ಮೇಲಕ್ಕೆ ಸುರುಳಿಯಾಗಿದೆ, ನಡೆಯುವಾಗ ಹೊಟ್ಟೆ ನೆಲಕ್ಕೆ ಎಳೆಯುತ್ತದೆ ಅಂದರೆ ಎಲುಬಿನಿಂದ ಕ್ಯಾಲ್ಸಿಯಂ ಹೋಗುತ್ತಿದೆ. ಬಿಸಿಲು ಇಲ್ಲ, ಊಟದಲ್ಲಿ ಕ್ಯಾಲ್ಸಿಯಂ ಇಲ್ಲ, ಅಥವಾ ಬರೀ ಕೋಳಿ ಮಾಂಸದ ತುಂಡು ತಿನ್ನುತ್ತಿದೆ. ಎಲುಬಿಲ್ಲದ ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಬಹಳ ಕಮ್ಮಿ. ಬೇಗ ಹಿಡಿದರೆ ನಿಲ್ಲಿಸಬಹುದು. ಆದರೆ ಸೊಟ್ಟಗಾದ ಚಿಪ್ಪು ಮತ್ತೆ ನೆಟ್ಟಗಾಗುವುದಿಲ್ಲ. ಬಿಸಿಲು ಅವತ್ತಿನಿಂದಲೇ ಶುರುಮಾಡಿ. ಹಕ್ಕಿಗಳಿಗೆ ಹಾಕುವ ಕಟಲ್ ಬೋನ್ ಒಂದು ತುಂಡು ನೀರಿನಲ್ಲಿ ತೇಲಿಬಿಡಿ, ತಾನೇ ಕಚ್ಚಿ ತಿನ್ನುತ್ತದೆ. ಮನುಷ್ಯರ ಕ್ಯಾಲ್ಸಿಯಂ-ಡಿ3 ಸಿರಪ್ ಅಂದಾಜಿನ ಮೇಲೆ ಕುಡಿಸಬೇಡಿ.

ಚಿಪ್ಪು ಕೊಳೆಯುತ್ತಿದೆ. ಗುಳಿ, ವಾಸನೆ, ಕೆಳಚಿಪ್ಪಿನಲ್ಲಿ ಕೆಂಪು ಕಲೆ. ಆಮೆಯನ್ನು ದಿನದ ಬಹುಪಾಲು ಒಣಗಿದ, ಬೆಚ್ಚಗಿನ ಡಬ್ಬಿಯಲ್ಲಿ ಹಳೇ ಕಾಟನ್ ಬಟ್ಟೆ ಮೇಲೆ ಇಡಿ. ಕುಡಿಯಲು, ತಿನ್ನಲು ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರಿಗೆ ಬಿಡಿ. ಪೊವಿಡೋನ್ ಅಯೋಡಿನ್ ದ್ರಾವಣವನ್ನು ನೀರಿಗೆ ಬೆರೆಸಿ, ಹಾಲು ಹಾಕದ ಚಹಾದ ಬಣ್ಣ ಬರಲಿ. ಅದರಲ್ಲಿ ಮೆತ್ತನೆ ಹಲ್ಲುಜ್ಜುವ ಬ್ರಷ್ ಅದ್ದಿ ಆ ಜಾಗ ತೊಳೆದು, ಒಣಗಲು ಬಿಡಿ. ಗುಳಿ ಆಳ ಇದ್ದರೆ, ಕೆಂಪು ಹರಡುತ್ತಿದ್ದರೆ ಸೋಂಕು ರಕ್ತಕ್ಕೆ ಸೇರಿರಬಹುದು, ಆಗ ತೊಳೆಯುವುದೊಂದೇ ಸಾಲದು.

ಹೆಣ್ಣಾಮೆ ತಳಮಳಿಸುತ್ತಿದೆ. ಊಟ ಬಿಟ್ಟು, ಹಗಲು-ರಾತ್ರಿ ಟಬ್ ಹತ್ತಲು ನೋಡುತ್ತಿದೆ, ಹಿಂಗಾಲಿನಿಂದ ಕೆರೆಯುತ್ತಿದೆ. ಮೊಟ್ಟೆ ಇಡಲು ಜಾಗ ಹುಡುಕುತ್ತಿದೆ. ಗಂಡು ಇಲ್ಲದಿದ್ದರೂ ದೊಡ್ಡ ಹೆಣ್ಣಿಗೆ ಮೊಟ್ಟೆ ಬರುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಜಾಗ ಸಿಗದಿದ್ದರೆ ಒಳಗೇ ಹಿಡಿದಿಟ್ಟುಕೊಂಡು, ಕೊನೆಗೆ ಜೀವಕ್ಕೇ ಬರುತ್ತದೆ. ಆಮೆಯ ಉದ್ದಕ್ಕಿಂತ ಆಳವಾಗಿ ಮಣ್ಣು ತುಂಬಿದ ಒಂದು ದೊಡ್ಡ ಟಬ್ ಮಾಡಿಕೊಡಿ. ಬರೀ ಎರೆ ಮಣ್ಣು ಒಣಗಿದರೆ ಕಲ್ಲಿನಂತೆ ಬಿರುಕು ಬಿಡುತ್ತದೆ, ಒದ್ದೆಯಾದರೆ ಅಂಟುತ್ತದೆ. ಅದಕ್ಕೆ ಅರ್ಧಕ್ಕಿಂತ ಜಾಸ್ತಿ ಮರಳು ಬೆರೆಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ನೀರು ಚಿಮುಕಿಸಿ. ಸಂಜೆ ಅದರಲ್ಲಿ ಬಿಟ್ಟು ನೀವು ದೂರ ಹೋಗಿ. ಜನ ನೋಡುತ್ತಿದ್ದರೆ ಅದು ಅಗೆಯುವುದಿಲ್ಲ. ಕೆಲವು ದಿನವಾದರೂ ಮೊಟ್ಟೆ ಇಡದೆ ಮಂಕಾದರೆ ಎಕ್ಸ್‌ರೇ ಬೇಕು.

ಇನ್ನು ಕೆಲವು ಚುಟುಕಾಗಿ. ಗಂಡಾಮೆಯ ಬಾಲದ ಬುಡದಿಂದ ಕಪ್ಪು-ನೇರಳೆ ಬಣ್ಣದ್ದು ಹೊರಗೆ ಬಂದು ಕೆಲವೇ ನಿಮಿಷದಲ್ಲಿ ಒಳಗೆ ಹೋದರೆ ಅದು ಜನನಾಂಗ, ಸಹಜ. ಒಳಗೆ ಹೋಗದಿದ್ದರೆ, ಅಥವಾ ಗಂಡಾಗಲಿ ಹೆಣ್ಣಾಗಲಿ ಕೆಂಪು ಮಾಂಸ ಜೋತು ಬಿದ್ದಿದ್ದರೆ, ಒದ್ದೆ ಬಟ್ಟೆಯಲ್ಲಿ ಒಣಗದಂತೆ ಕಾಪಾಡಿ ತಕ್ಷಣ ಡಾಕ್ಟರ್ ಬಳಿ ಹೋಗಿ. ಬೇರೆ ಆಮೆ ಜತೆಗಿದ್ದರೆ ಕಚ್ಚುತ್ತದೆ, ಬೇರೆ ಮಾಡಿ. ಹೇಲು ಬರುತ್ತಿಲ್ಲ ಅಂದರೆ ಟಬ್‌ನ ತಳದ ಸಣ್ಣ ಕಲ್ಲು ನುಂಗಿರಬಹುದು. ಆಮೆಯ ತಲೆಗಿಂತ ಸಣ್ಣ ಕಲ್ಲು ಇಡಲೇಬಾರದು. ನಾಯಿ ಕಚ್ಚಿಯೋ ಮಾಳಿಗೆಯಿಂದ ಬಿದ್ದೋ ಚಿಪ್ಪು ಒಡೆದರೆ ಸಲೈನ್‌ನಿಂದ ತೊಳೆದು, ಒದ್ದೆ ಗಾಜ್ ಬಟ್ಟೆ ಮುಚ್ಚಿ ಒಯ್ಯಿರಿ. ಅರಿಶಿನ, ಸುಣ್ಣ, ಫೆವಿಕ್ವಿಕ್ ಬಿರುಕಿಗೆ ಹಾಕಬೇಡಿ. ಚಿಪ್ಪು ಜೀವ ಇರುವ ಎಲುಬು, ಸೋಂಕನ್ನು ಒಳಗೇ ಮುಚ್ಚಿಟ್ಟಂತಾಗುತ್ತದೆ.

ನಮ್ಮ ಬೇಸಿಗೆ

ಇದಕ್ಕೆ ಬೇರೆಯಾಗಿಯೇ ಬರೆಯಬೇಕು. ಆಮೆ ಸಾಕುವ ಬಗ್ಗೆ ಸಿಗುವ ಸಲಹೆಗಳೆಲ್ಲ ತಣ್ಣನೆ ದೇಶದವರು ಬರೆದದ್ದು. ಅವರ ಚಿಂತೆ ಬಿಸಿ ಮಾಡುವುದು ಹೇಗೆ ಅಂತ. ಕಲಬುರಗಿ, ಯಾದಗಿರಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 42-43 ಡಿಗ್ರಿ ಮಾಮೂಲಿ. 40 ಡಿಗ್ರಿ ಆಸುಪಾಸಿನ ನೀರಿನಲ್ಲಿ ಆಮೆ ಬದುಕುವುದಿಲ್ಲ. ಸಣ್ಣ ಟಬ್‌ನಲ್ಲಿ ನೀರು ಕಮ್ಮಿ, ಬಿಸಿಲಿಗೆ ಬೇಗ ಕಾಯುತ್ತದೆ. "ಬಿಸಿಲು ಬೇಕು ಅಂದಿದ್ರಲ್ಲ" ಅಂತ ಬೆಳಗ್ಗೆ ಮಾಳಿಗೆ ಮೇಲೆ ಇಟ್ಟು, ಕೆಲಸದಲ್ಲಿ ಮರೆತು, ಹನ್ನೊಂದಕ್ಕೆ ಹೋಗಿ ನೋಡಿದರೆ ಎಲ್ಲ ಮುಗಿದಿರುತ್ತದೆ. ಮೊಬೈಲ್‌ನಲ್ಲಿ ಅಲಾರಂ ಇಡಿ.

ಮಾರ್ಚ್‌ನಿಂದ ಜೂನ್‌ವರೆಗೆ ಟಬ್ ಮನೆಯೊಳಗೆ, ನೆಲದ ಮೇಲೆ, ಪಡುವಣ ಗೋಡೆಯಿಂದ ದೂರ ಇರಲಿ. ಪರಸಿ ಹಾಸಿದ ನೆಲ ತಂಪು. ನೀರು ಜಾಸ್ತಿ ಹಾಕಿ, ಹೆಚ್ಚು ನೀರು ನಿಧಾನಕ್ಕೆ ಕಾಯುತ್ತದೆ. ಮಾಳಿಗೆ ಮೇಲಿನ ಟ್ಯಾಂಕಿನ ನೀರನ್ನು ಮಧ್ಯಾಹ್ನ ನೇರ ಹಾಕಬೇಡಿ, ನಳದಿಂದ ಬರುವುದು ಕುದಿ ನೀರೇ. ಬೆಳಗ್ಗೆಯೇ ಬಕೆಟ್‌ನಲ್ಲಿ ಹಿಡಿದಿಡಿ. ಬಲ್ಬ್ ಬೇಸಿಗೆಯಲ್ಲಿ ಬೇಕಿಲ್ಲ. ಕೂಲರ್ ಗಾಳಿ ಟಬ್‌ಗೆ ನೇರ ಬಡಿಯದಿರಲಿ, ಒಮ್ಮೆ ಬಿಸಿ ಒಮ್ಮೆ ತಂಪು ಆಗುವುದೂ ಒಳ್ಳೆಯದಲ್ಲ.

ಬಿಸಿಲ ಹೊಡೆತ ಬಿದ್ದ ಆಮೆ ಮೊದಲು ಹುಚ್ಚು ಹಿಡಿದ ಹಾಗೆ ಓಡಾಡುತ್ತದೆ. ಆಮೇಲೆ ಬಾಯಿ ತೆರೆದು ನೊರೆ ಬಿಡುತ್ತದೆ, ಕಾಲು ಸೋತು ಬೀಳುತ್ತದೆ. ನೆರಳಿಗೆ ತಂದು, ಕೋಣೆಯಲ್ಲಿಟ್ಟ ಸಾಮಾನ್ಯ ನೀರಿನಲ್ಲಿ ಕೂರಿಸಿ. ತಲೆ ಮೇಲಿರಲಿ. ಫ್ರಿಡ್ಜ್ ನೀರು, ಐಸ್ ಬೇಡ, ಒಮ್ಮೆಲೇ ತಂಪಾದರೆ ಇನ್ನೊಂದು ಆಘಾತ. ಚೇತರಿಸಿಕೊಂಡಂತೆ ಕಂಡರೂ ಡಾಕ್ಟರ್‌ಗೆ ತೋರಿಸಿ, ಒಳಗಿನ ಪೆಟ್ಟು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳಬಹುದು.

ಬೀದರ್ ಮಂದಿಗೆ ಡಿಸೆಂಬರ್-ಜನವರಿ ನೋಡಿಕೊಳ್ಳಬೇಕಾದ ಕಾಲ. ಎತ್ತರದ ಊರು, ರಾತ್ರಿ 10 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಆಮೆ ಅಲ್ಲಾಡುವುದಿಲ್ಲ, "ಚಳಿಗೆ ನಿದ್ದೆ ಮಾಡ್ತದೆ" ಅಂತ ಬಿಡುತ್ತಾರೆ. ಹಗಲು 27, ರಾತ್ರಿ 12 ಆಗುವ ನಮ್ಮ ಚಳಿಯಲ್ಲಿ ಅದು ಸರಿಯಾಗಿ ನಿದ್ದೆಯನ್ನೂ ಮಾಡುವುದಿಲ್ಲ, ಎಚ್ಚರವೂ ಇರುವುದಿಲ್ಲ. ನ್ಯುಮೋನಿಯಾ ಬರುವುದು ಇದೇ ಹೊತ್ತಿನಲ್ಲಿ. ಹೀಟರ್ ಹಾಕಿ. ಇನ್ನೊಂದು ಮಾತು: ಚಳಿಯಲ್ಲಿ ಕಲ್ಲಿನಂತೆ ಬಿದ್ದಿರುವ ಆಮೆಯನ್ನು ಸತ್ತಿದೆ ಅಂತ ಹೂಳಬೇಡಿ. ಬೆಚ್ಚಗಿನ ಕೋಣೆಗೆ ತಂದು, ಕೆಲವು ಗಂಟೆ ನಿಧಾನಕ್ಕೆ 25 ಡಿಗ್ರಿಗೆ ತಂದು, ಆಮೇಲೆ ಕಾಲು ಮುಟ್ಟಿ ನೋಡಿ.

ಹೆಜ್ಜೆ 4: ಡಾಕ್ಟರ್ ಹತ್ತಿರ ಹೋಗುವುದು

ನಮ್ಮ ಕಡೆಯ ಪಶು ಆಸ್ಪತ್ರೆಗಳ ಡಾಕ್ಟರ್‌ಗಳು ದಿನಾ ನೋಡುವುದು ಎಮ್ಮೆ, ಎತ್ತು, ಕುರಿ, ಮೇಕೆ. ಆಮೆ ತಂದರೆ ಕೆಲವರು ಅಚ್ಚರಿ ಪಡುತ್ತಾರೆ. ಹಾಗಂತ ಹೋಗದೆ ಇರಬೇಡಿ. ಮೊದಲು ಫೋನ್ ಮಾಡಿ ಕೇಳಿ. ಬೀದರ್‌ನ ನಂದಿನಗರದಲ್ಲಿ ರಾಜ್ಯದ ಪಶು ವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ಅಲ್ಲಿನ ಪಶು ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಈ ಮೂರೂ ಜಿಲ್ಲೆಗೆ ದೊಡ್ಡ ಆಸರೆ. ಕಲಬುರಗಿಯಿಂದ ಬೀದರ್‌ಗೆ ಈಗ ರೈಲೂ ಇದೆ. ಹಾವು, ಆಮೆ, ಹಕ್ಕಿಗಳನ್ನೇ ನೋಡುವ ಡಾಕ್ಟರ್ ಬೇಕಾದರೆ ಹೈದರಾಬಾದ್ ಹತ್ತಿರ. ದೂರ ಹೋಗಲು ಆಗದಿದ್ದರೆ ನಿಮ್ಮ ಡಾಕ್ಟರ್ ಅಲ್ಲಿಯವರ ಜತೆ ಫೋನಿನಲ್ಲಿ ಮಾತಾಡಿ ಚಿಕಿತ್ಸೆ ಮಾಡಬಹುದು, ಕೇಳಿ ನೋಡಿ.

ಒಯ್ಯುವಾಗ ನೀರಿನಲ್ಲಿ ಒಯ್ಯಬೇಡಿ, ಬಸ್ಸಿನ ಕುಲುಕಾಟಕ್ಕೆ ನೀರು ಬಡಿದು ಮುಳುಗುತ್ತದೆ. ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಟವೆಲ್ ಹಾಸಿ ಅದರ ಮೇಲೆ ಕೂರಿಸಿ. ಬೇಸಿಗೆಯಾದರೆ ಮೊದಲ ಬಸ್ಸಿಗೆ ಹೊರಡಿ. ಜತೆಗೆ ತೂಕ ಬರೆದ ಚೀಟಿ, ನೀರಿನ ಬಿಸಿ ಎಷ್ಟು, ಏನು ತಿನ್ನಿಸುತ್ತೀರಿ, ಯಾವತ್ತಿನಿಂದ ಹೀಗಾಗಿದೆ, ಟಬ್‌ನ ಫೋಟೋ. ಓರೆಯಾಗಿ ತೇಲುವ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು, ಡಾಕ್ಟರ್ ಟೇಬಲ್ ಮೇಲೆ ಅದು ಕಾಣುವುದಿಲ್ಲ. ಹೊಸದಾಗಿ ಹೇತದ್ದನ್ನು ಸಣ್ಣ ಡಬ್ಬಿಯಲ್ಲಿ ಒಯ್ದರೆ ಜಂತು ಪರೀಕ್ಷೆ ಆಗುತ್ತದೆ.

ಒಂದು ಔಷಧದ ಹೆಸರು ನೆನಪಿಡಿ: ಐವರ್ಮೆಕ್ಟಿನ್. ದನ, ಕುರಿ, ನಾಯಿಗೆ ಜಂತು-ಉಣ್ಣೆಗೆ ದಿನಾ ಬಳಸುವ ಒಳ್ಳೆಯ ಔಷಧ. ಆಮೆಗೆ ಅದು ವಿಷ. ಕೈಕಾಲು ಸೋತು, ಉಸಿರು ನಿಂತು ಸಾಯಬಹುದು. ಜಂತಿನ ಮಾತು ಬಂದರೆ "ಸಾಹೇಬ್ರೇ, ಆಮೆಗೆ ಐವರ್ಮೆಕ್ಟಿನ್ ಆಗಲ್ಲ ಅಂತ ಓದಿದ್ದೆ, ಒಮ್ಮೆ ನೋಡ್ತೀರಾ?" ಅಂತ ಮರ್ಯಾದೆಯಿಂದ ಕೇಳಿ. ಯಾವ ಒಳ್ಳೆ ಡಾಕ್ಟರೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಆ್ಯಂಟಿಬಯಾಟಿಕ್ ಇಂಜೆಕ್ಷನ್ ಸಾಮಾನ್ಯವಾಗಿ ಮುಂಗಾಲಿಗೆ ಕೊಡುತ್ತಾರೆ, ಹಲವು ಔಷಧಗಳನ್ನು ಎರಡು-ಮೂರು ದಿನಕ್ಕೊಮ್ಮೆ ಮಾತ್ರ. ಆಮೆಯ ಮೈ ನಿಧಾನ, ಔಷಧವೂ ನಿಧಾನ. ಎರಡು ಇಂಜೆಕ್ಷನ್‌ಗೆ ಚುರುಕಾಯಿತು ಅಂತ ಉಳಿದದ್ದನ್ನು ಬಿಡಬೇಡಿ. ನ್ಯುಮೋನಿಯಾ ಇಳಿಯಲು ವಾರಗಳೇ ಬೇಕು, ಚಿಪ್ಪು ತುಂಬಿಕೊಳ್ಳಲು ತಿಂಗಳುಗಳು.

ಹೆಜ್ಜೆ 5: ಮನೆಯವರ ಆರೋಗ್ಯ

ಆರೋಗ್ಯವಾಗಿರುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಆಮೆಗೆ ಏನೂ ಆಗುವುದಿಲ್ಲ, ಮಕ್ಕಳಿಗೆ ಜೋರು ವಾಂತಿ-ಭೇದಿ, ಜ್ವರ ಬರುತ್ತದೆ. ಸಣ್ಣ ಮಕ್ಕಳು ಆಮೆಮರಿಯನ್ನು ಬಾಯಿಗೆ ಹಾಕಿಕೊಂಡು ಕಾಯಿಲೆ ಬೀಳುತ್ತಾರೆ ಅಂತಲೇ ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಸಣ್ಣ ಆಮೆ ಮಾರುವುದು ನಿಷೇಧ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಆಮೆಯ ಟಬ್ ಅನ್ನು ಅಡುಗೆಮನೆಯ ಸಿಂಕ್‌ನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಗೆ ಹೊಸದಾಗಿ ಆಮೆ ತರದಿರುವುದೇ ಲೇಸು.

ಹೆಜ್ಜೆ 6: ಮತ್ತೆ ಬರದಂತೆ ಊಟ

ಮರಿಗೆ ದಿನಾ, ದೊಡ್ಡದಕ್ಕೆ ವಾರಕ್ಕೆ ಎರಡು-ಮೂರು ಸಲ ಒಳ್ಳೆ ಆಮೆ ಪೆಲೆಟ್ ಸಾಕು. ಸೊಪ್ಪು ಮಾತ್ರ ದಿನಾ ಇರಲಿ. ನುಗ್ಗೆ ಸೊಪ್ಪು ಎಲ್ಲಕ್ಕಿಂತ ಒಳ್ಳೆಯದು, ಕ್ಯಾಲ್ಸಿಯಂ ಇದೆ, ಎ ವಿಟಮಿನ್ನೂ ಸಿಗುತ್ತದೆ. ತುರಿದ ಗಜ್ಜರಿ, ಕುಂಬಳಕಾಯಿ, ಗೆಣಸು ಹಾಕಿ. ಪಾಲಕ, ರಾಜಗಿರಿ, ಪುಂಡಿ ಪಲ್ಲೆ ಅಪರೂಪಕ್ಕೆ ಸರಿ, ದಿನಾ ಬೇಡ. ಅವುಗಳಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ವಾರಕ್ಕೊಮ್ಮೆ ಎರೆಹುಳು, ಎಲುಬು ಸಮೇತ ಸಣ್ಣ ಮೀನು. ಅನ್ನ, ರೊಟ್ಟಿ ಚೂರು, ಬಿಸ್ಕತ್ತು ಹಾಕಬೇಡಿ. ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸೇರುವುದಿಲ್ಲ. ಸೀಗಡಿಗೆ ಒಗ್ಗಿದ ಆಮೆ ಮೊದಲು ಸೊಪ್ಪು ಮೂಸಿಯೂ ನೋಡುವುದಿಲ್ಲ. ಸೀಗಡಿ ನೆನೆಸಿದ ನೀರಿನಲ್ಲಿ ಸೊಪ್ಪು ಅದ್ದಿ ಕೊಡಿ. ದೊಡ್ಡ ಆಮೆ ಕೆಲವು ದಿನ ಹಟ ಮಾಡಿದರೂ ತೊಂದರೆಯಿಲ್ಲ, ಮರಿಯನ್ನು ಮಾತ್ರ ಅಷ್ಟು ಕಾಯಿಸಬೇಡಿ.

ಇಷ್ಟೆಲ್ಲ ನಿಮ್ಮಿಂದ ಆಗುವುದಿಲ್ಲ ಅನ್ನಿಸಿದರೆ ಅದೂ ಸರಿಯೇ. ದೊಡ್ಡ ತೊಟ್ಟಿ ಇಟ್ಟು ಸಾಕುವವರನ್ನು ಹುಡುಕಿ ಕೊಡಿ. ಕಲಬುರಗಿಯ ಅಪ್ಪನ ಕೆರೆಗೋ, ಸುರಪುರದ ಬೋನಾಳ ಕೆರೆಗೋ, ಭೀಮಾ ಹೊಳೆಗೋ ಬಿಡಬೇಡಿ. ಜಗತ್ತಿನಲ್ಲಿ ಅತಿ ಹೆಚ್ಚು ಹಾನಿ ಮಾಡಿದ 100 ಹೊರಗಿನ ಜೀವಿಗಳ ಪಟ್ಟಿಯಲ್ಲಿ ಈ ಸ್ಲೈಡರ್ ಇದೆ. ನಮ್ಮ ಆಮೆಗಳ ಊಟ, ಬಿಸಿಲು ಕಾಯಿಸುವ ಬಂಡೆ ಎಲ್ಲವನ್ನೂ ಇದು ಕಿತ್ತುಕೊಳ್ಳುತ್ತದೆ, ತನ್ನ ಕಾಯಿಲೆಯನ್ನೂ ಅವಕ್ಕೆ ಕೊಡುತ್ತದೆ. ಹುಷಾರಿಲ್ಲದ ಆಮೆಯನ್ನಂತೂ ಯಾವ ನೀರಿಗೂ ಬಿಡಬೇಡಿ.